ಡಬ್ಬಿಗೆ ಮೀಸೆ, ಕಾರ್ಯದರ್ಶಿಗೆ ಮಂಗಳಾರತಿ

ಡಬ್ಬಿಯೊಂದಕ್ಕೆ ಎಡಬಲ ಮೀಸೆ ಬರೆದು ಅದನ್ನು ಗಣಿತ ಎನ್ನುವವರ ಬಗ್ಗೆ ನನಗೆ ತಾತ್ಸಾರ. ಏಳನೇ ತರಗತಿಯ ನನ್ನ ಮಗಳು ಅನಘಾ 'ಬಾಕ್ಸ್ ಪ್ಲಾಟ್' ಎಂದು ಅಂಥದೊಂದನ್ನು ಮುಂದೆ ಹಿಡಿದಾಗ ಕಣ್ಣು ಬಾಯಿಲ್ಲದ ಬೆಕ್ಕನ್ನು ಕಂಡಂತಾಯಿತು. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಸರಾಸರಿಯೊಂದರಲ್ಲೇ ಕಾಲ ತಳ್ಳಿದವನು ನಾನು.

ಇದಕ್ಕಿಂತ ಹೆಚ್ಚಿನ ತಾತ್ಸಾರಕ್ಕೆ ಯೋಗ್ಯರೆಂದರೆ ಈ ಮರಾಠಿ ಊರಿನ ಮನೀಶ್ ನಗರ ಬಡಾವಣೆಯ ನಮ್ಮ ಕನ್ನಡ ಕೂಟದವರು. ಐದು ಗಂಟೆ ಎಂದರೆ ಇವರಿಗೆ ಮಧ್ಯಾಹ್ನದ ನಿದ್ದೆಯಿಂದ ಏಳುವ ಹೊತ್ತು. ಆಮೇಲೆ ಚಹಾ. ಆಮೇಲೆ ಮನೆಯ ಸೋಫಾದಿಂದಲೇ ಫೋನು: "ದಾರ್ಯಾಗ ಅದೇವ್ರಿ!" ಅದಕ್ಕೇ ಕಾರ್ಯದರ್ಶಿಯಾದ ನಾನು ಆರರ ಕಾರ್ಯಕ್ರಮಕ್ಕೆ 'ಐದು ಗಂಟೆಗೆ ಸರಿಯಾಗಿ' ಎಂದು ಆಮಂತ್ರಣದ ಕಾರ್ಡಿನಲ್ಲಿ ಅಚ್ಚು ಹಾಕಿಸುತ್ತೇನೆ. ಈ ಗುಟ್ಟು ಎಲ್ಲರಿಗೂ ಗೊತ್ತು. ಕಳ್ಳನಿಗೊಂದು ಪಿಳ್ಳೆ ನೆವ, ಅವರು ಇನ್ನಷ್ಟು ತಡ ಮಾಡುತ್ತಾರೆ.

ಹೋದ ತಿಂಗಳ ಕೂಟ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್‌ನಲ್ಲೇ ಇತ್ತು. ಮರಾಠಿ, ಹಿಂದಿ ಮಾತ್ರ ಸರಾಗವಾಗಿ ಓದುವ ಅನಘಾಳಿಗೆ ಆರು ತಿಂಗಳು ಕೂತು ಕನ್ನಡ ಓದಲು ಕಲಿಸಿದ್ದೆ. ತಾನೇ ಬರೆದ ಎಂಟು ಸಾಲನ್ನು ಅವಳು ಅಂದು ಓದಬೇಕಿತ್ತು. ಜನ ಕೂಡುವಷ್ಟರಲ್ಲಿ ಹೊತ್ತಾಯಿತು; ಅವಳ ಓದನ್ನು ನಾನೇ ಪಟ್ಟಿಯಿಂದ ಹೊಡೆದುಹಾಕಿದೆ. ಮಕ್ಕಳದು ತಾನೇ ಎಂದುಕೊಂಡೆ.

ಈಗ ನೋಡಿದರೆ ಶಾಲೆಯ ಪ್ರಾಜೆಕ್ಟಿಗೆ ಈ ಹುಡುಗಿ ಹಿಡಿದದ್ದು ಅದೇ ಕೂಟವನ್ನು. ಹನ್ನೊಂದು ಜನ ಐದರ ಮೇಲೆ ಎಷ್ಟು ನಿಮಿಷ ತಡವಾಗಿ ಬಂದರೆಂಬ ಚಿತ್ರ.

"ಬಲಗಡೆ ಮೀಸಿ ಉದ್ದ ಐತಿ. ಅಂದ್ರ ಅಲ್ಲೇ ಭಾಳ ಮಂದಿ ಅದಾರ. ನಾಚಿಕಿಗೇಡು!" ಎಂದೆ.

"ಛೇ ಅಪ್ಪಾ, ಉದ್ದ ಇದ್ರ ಮಂದಿ ಜಾಸ್ತಿ ಅಂತಲ್ಲ, ದೂರ ದೂರ ಹರಡ್ಯಾರ ಅಂತ. ಡಬ್ಬ್ಯಾಗಿನ ಗೆರಿ ನಲವತ್ತೈದು. ಐದು ಮಂದಿ ಅದಕ್ಕಿಂತ ಮೊದಲ ಬಂದ್ರು, ಐದು ಮಂದಿ ಆಮ್ಯಾಲೆ. ಬರೋಬರ್?"

"ಬರೋಬರ್. ಆ ಬಲಗಡಿ ಮೀಸಿ ತುದ್ಯಾಗ, ನೂರು ನಿಮಿಷದ ಮ್ಯಾಲೆ ಕೂತ ಪುಣ್ಯಾತ್ಮ ಯಾರವ್ವಾ?"

"ನೀನ."

ಹೌದು. ಮೈಕು ತರಲು ಹೋದವನು ಬಂದದ್ದು ಆರೂ ನಲವತ್ತಕ್ಕೆ. ಅಲ್ಲಿಯವರೆಗೆ ಅಂಗಡಿಯಲ್ಲಿ ಚಹಾ ಹೀರುತ್ತ, ನಮ್ಮ ಜನಕ್ಕೆ ಹೊತ್ತಿನ ಖಬರಿಲ್ಲವೆಂದು ಅಂಗಡಿಯವನಿಗೆ ಉಪದೇಶ ಮಾಡುತ್ತಿದ್ದೆ.

"ಮತ್ತ ಈ ಸೊನ್ನಿ ತುದ್ಯಾಗ?"

"ನಾ. ಕಾರ್ಡಿನ್ಯಾಗ ಐದು ಅಂತಿತ್ತಲ್ಲ. ನಾನ ಓದಿದ್ದೆ, ಯಾರನ್ನೂ ಕೇಳದ."

ನನ್ನ ಮಗಳು ಯಾರ ಸಹಾಯವೂ ಇಲ್ಲದೆ ಓದಿ ನಂಬಿದ ಮೊದಲ ಕನ್ನಡ, ನಾನು ಅಚ್ಚು ಹಾಕಿಸಿದ ಸುಳ್ಳು. ಖಾಲಿ ಕುರ್ಚಿಗಳ ನಡುವೆ ಎಂಟು ಸಾಲು ಹಿಡಿದು ಕೂತಿದ್ದಳು, ಪಾಪ. ನನ್ನ ಮೋರೆಗೆ ನಾನೇ ಉಗಿದುಕೊಳ್ಳುವಂತಾಯಿತು.

ನಿನ್ನೆ ಹೊಸ ಆಮಂತ್ರಣ ಬರೆದೆ. ಮೊದಲಿಗೆ ಅನಘಾಳ ಓದು, ಆರು ಗಂಟೆಗೆ. ಅವಳು ಅಕ್ಷರಕ್ಕೆ ಬೆರಳಿಟ್ಟು ಓದಿ, ತಲೆ ಎತ್ತಿ ಕೇಳಿದಳು: "ಅಪ್ಪಾ, ಇದು ಖರೇ ಆರೋ, ಕನ್ನಡದ ಆರೋ?"

ಬಾಯಿಮಾತಿನ ಉತ್ತರ ಇನ್ನು ನಡೆಯದು. ಅಂದು ಐದೂವರೆಗೇ ಇಳಿದು ಕುರ್ಚಿ ಹಾಕುತ್ತೇನೆ. ಹೊತ್ತಿಗೆ ಮೊದಲೇ ಬಂದವನಿಗಾಗಿ ಸೊನ್ನೆಯಿಂದ ಎಡಕ್ಕೂ ಮೀಸೆ ಎಳೆಯಬಹುದೇ ಎಂದು ಅವಳ ಟೀಚರನ್ನು ಕೇಳಬೇಕು.