ಎರ್ಮೆಲಿಂದಾ ತನ್ನ ಮುತ್ತಜ್ಜನನ್ನು ಹುಡುಕಿದ್ದು

"ಒಂದೇ ಒಂದು ವಾರ ಕೊಡಿ. ಎಂಟನೇ ದಿನ ನಮ್ಮ ವಂಶಾನ ಆದಾಮನವರೆಗೂ ಎಳೆದು ತಂದು ನಿಮ್ಮ ಮೇಜಿನ ಮೇಲೆ ಕೂರಿಸ್ತೀನಿ."

ಔಷಧದಂಗಡಿಯ ದೊನ್ ಅಬುಂದಿಯೊ ಲಾರಿಯೋಸನ ಮುಂದೆ ನಿಂತು ಎರ್ಮೆಲಿಂದಾ ಕೆಸಾದ ಹೀಗೆಂದಾಗ ನಾನು ಅಲ್ಲೇ ಕೆಮ್ಮಿನ ಔಷಧಿಗೆ ಕಾಯುತ್ತಿದ್ದೆ. ಆ ಒಂದು ವಾರ ಹದಿನಾಲ್ಕು ತಿಂಗಳು ನಡೆಯಿತು.

ಎರ್ಮೆಲಿಂದಾಳದು ನಮ್ಮ ಲಾ ಕಾಂತೆರಾದ ಹಿಟ್ಟಿನ ಮಿಲ್ಲು. ಬೆಳಗಿನ ಐದಕ್ಕೇ ಹೆಂಗಸರು ಬೇಯಿಸಿದ ಮೆಕ್ಕೆಜೋಳದ ಬಕೆಟ್ಟು ಹಿಡಿದು ಸಾಲು ನಿಲ್ಲುತ್ತಾರೆ. ಜೋಳ ನುಣ್ಣಗಾಗುವಷ್ಟರಲ್ಲಿ ಊರಿನ ಸುದ್ದಿಯೂ ನುಣ್ಣಗಾಗಿರುತ್ತದೆ. ಯಾರ ಮಗಳು ಬಸುರಿ ಎಂಬುದು ಆ ಮಗಳಿಗಿಂತ ಎರಡು ದಿನ ಮೊದಲೇ ಎರ್ಮೆಲಿಂದಾಳಿಗೆ ಗೊತ್ತಾಗುತ್ತಿತ್ತು. ಹಾಗಾಗಿ ಅವಳ ಧೈರ್ಯಕ್ಕೆ ಆಧಾರವಿಲ್ಲ ಎನ್ನಲಾಗದು.

ಊರಿಗೆ ಇನ್ನೂರು ವರ್ಷ ತುಂಬುತ್ತಿತ್ತು. ಮೊದಲು ಬಂದು ನೆಲೆಸಿದ ಮನೆತನಗಳ ಹೆಸರನ್ನು ಚೌಕದ ಕಾರಂಜಿಯ ಪಕ್ಕ ಕಲ್ಲಿನಲ್ಲಿ ಕೆತ್ತಿಸಬೇಕೆಂದು ಸಮಿತಿಯಾಯಿತು. ಅಧ್ಯಕ್ಷ ಅಬುಂದಿಯೊ. ಪಟ್ಟಿಯಲ್ಲಿ ಮೊದಲ ಹೆಸರು ಲಾರಿಯೋಸ್. ಅವನ ಮೂಲಪುರುಷ ಅನ್ಸೆಲ್ಮೊ ಕುದುರೆ ದಂಡಿನ ಕ್ಯಾಪ್ಟನ್ ಆಗಿದ್ದನಂತೆ. ಕೆಸಾದ ಎಂಬ ಹೆಸರೇ ಇರಲಿಲ್ಲ.

"ಕೆಸಾದದವರು ಆಮೇಲೆ ಬಂದು ಅಂಟಿಕೊಂಡವರಮ್ಮ. ಅಲ್ಲ ಅನ್ನೋದಾದ್ರೆ ಕಾಗದ ತೋರ್ಸು" ಎಂದಿದ್ದ ಅಬುಂದಿಯೊ.

ಅವಳ ಅಪ್ಪ ಇದೇ ಮಾತನ್ನು ಸಾಯುವವರೆಗೂ ಕೇಳಿಸಿಕೊಂಡಿದ್ದ, ಟೋಪಿ ಸರಿಮಾಡಿಕೊಂಡು ಎದ್ದು ಹೋಗುತ್ತಿದ್ದ. ಅವಳಿಗೆ ಆ ಕಲ್ಲಿನ ಮೇಲೆ ಅಪ್ಪನ ಮನೆತನದ ಹೆಸರು ಬೇಕಿತ್ತು.

ಇಗರ್ಜಿಯ ಬೀಗದ ಕೈ ನನ್ನ ಬಳಿ. ಮಿಲ್ಲು ಮುಚ್ಚಿದ ಮೇಲೆ ದಿನಾ ಬರುತ್ತಿದ್ದಳು. ನಾಮಕರಣದ ಮೊದಲ ಪುಸ್ತಕ ತೆರೆದಾಗ ಎದ್ದ ಧೂಳಿಗೆ ನಾನು ಸೀನಿದ ಸೀನಿಗೆ ಗೋಪುರದ ಗಂಟೆ ತಾನಾಗಿ ಎರಡು ಸಲ ಹೊಡೆದುಕೊಂಡಿತು. ಹಳೆಯ ಪಾದ್ರಿಗಳ ಕೈಬರಹವೋ, ಕುಡಿದ ಇರುವೆಗಳ ಮೆರವಣಿಗೆ. ಅವಳು ಒಂದೊಂದೇ ಅಕ್ಷರ ನೋಡಿಕೊಂಡು ಹೋಗಿ ಮಿಲ್ಲಿನ ಕಲ್ಲುಚಪ್ಪಡಿಯ ಹಿಟ್ಟಿನಲ್ಲಿ ಬೆರಳಾಡಿಸಿ ತೀಡಿದಳು. ಎರಡು ತಿಂಗಳಿಗೆ ಓದಲು ಬಂತು. ಓದಲು ಬಂದ ಮೇಲೆ ಅಳು ಬಂತು.

"ಇದೇನ್ರೀ ಇದು? ಹುಟ್ಟಿದ ಗಂಡೆಲ್ಲ ಹೋಸೆ, ಹೆಣ್ಣೆಲ್ಲ ಮರಿಯಾ!"

"ಹೋಸೆ ಅಲ್ಲದ ಗಂಡು ಅಂದ್ರೆ ಆ ಕಾಲದಲ್ಲಿ ಪಾದ್ರಿ ಕತ್ತೆ ಒಂದೇ" ಎಂದೆ.

"ಅದರ ಹೆಸರೇನಿತ್ತೋ, ನೋಡಿ ಹೇಳ್ತೀನಿ ಇರಿ" ಎಂದು ಹಾಳೆ ಮಗುಚಿದಳು.

ಏಳನೇ ತಿಂಗಳು ಮುತ್ತಜ್ಜ ಸಿಕ್ಕ. ಹೋಸೆ ಎನ್ಕಾರ್ನಾಸಿಯೊನ್ ಕೆಸಾದ, 1813, ಈ ಊರಲ್ಲೇ ಹುಟ್ಟಿದ್ದು. ಮರುದಿನ ಸಾಲಿನಲ್ಲಿದ್ದವರಿಗೆಲ್ಲ ಪುಕ್ಕಟೆ ಬೀಸಿಕೊಟ್ಟಳು. ಅಬುಂದಿಯೊ ನೇರ ಇಗರ್ಜಿಗೆ ಬಂದು ಸಾವಿನ ಪುಸ್ತಕ ಕೇಳಿದ. ಅದೇ ಮಗು, ಅದೇ ತಾಯ್ತಂದೆ, ನಲವತ್ತನೇ ದಿನ ತೀರಿಕೊಂಡಿತ್ತು.

"ನಲವತ್ತು ದಿನದ ಕೂಸಿಗೆ ಮೊಮ್ಮಕ್ಕಳಾ ಎರ್ಮೆಲಿಂದಾ? ಬಲು ಚುರುಕು ನಿಮ್ಮ ವಂಶ!" ಎಂದು ಚೌಕದಲ್ಲಿ ಎಲ್ಲರೆದುರು ನಕ್ಕ.

ನಾವೂ ನಕ್ಕೆವು. ಸುಳ್ಳೇಕೆ ಹೇಳಲಿ.

ಮೂರು ದಿನ ಅವಳು ಬರಲಿಲ್ಲ. ನಾಲ್ಕನೇ ದಿನ ಬಂದವಳೇ ಹಣೆ ಬಡಿದುಕೊಂಡಳು. "ನನ್ನ ಬುದ್ಧಿಗಿಷ್ಟು! ಸತ್ತ ಕೂಸಿನ ಹೆಸರನ್ನ ಮುಂದೆ ಹುಟ್ಟೋ ಕೂಸಿಗೆ ಇಡೋದು ನಮ್ಮಲ್ಲಿ ಯಾರ ಮನೇಲಿಲ್ಲ? ನಾನೇ ಎರಡನೇ ಎರ್ಮೆಲಿಂದಾ!" 1813ರ ಮುಂದಿನ ವರ್ಷಗಳ ಪುಸ್ತಕ ತೆಗೆದೆವು. ಬೇಕಾದ ಹಾಳೆಗಳನ್ನೇ ಇಲಿ ತಿಂದಿತ್ತು. ಆ ಇಲಿಗೂ ಲಾರಿಯೋಸ್ ಮನೆಗೂ ಏನೋ ಸಂಬಂಧ ಇರಬೇಕೆಂದು ನನಗೆ ಈಗಲೂ ಅನುಮಾನ.

ಬೇರೆಯವರಾಗಿದ್ದರೆ ಬಿಡುತ್ತಿದ್ದರು. ಒಂದು ದಿನ ಸಾಲಿನಲ್ಲಿ ಮದುವೆ ನಿಶ್ಚಯವಾದ ಹುಡುಗಿಯೊಬ್ಬಳು ಗೊಣಗುತ್ತಿದ್ದಳು: "ಹುಡುಗ ದೂರದ ಸಂಬಂಧಿ ಅಂತ ಪಾದ್ರಿ ಬಿಷಪ್ಪರ ಅನುಮತಿ ಕೇಳ್ತಿದಾರೆ ಅಕ್ಕ. ಅಜ್ಜನ ಅಜ್ಜ ಯಾರು ಅಂತೆಲ್ಲ ಬರೆಸ್ಕೊಂಡ್ರು." ಎರ್ಮೆಲಿಂದಾ ಮಿಲ್ಲು ಓಡುತ್ತಿರುವಂತೆಯೇ ಬಿಟ್ಟು ಹಿಟ್ಟಿನ ಕೈಯಲ್ಲೇ ನನ್ನ ಬಾಗಿಲು ಬಡಿದಳು.

"ನನ್ನ ಮುತ್ತಜ್ಜಿ ಮದುವೆಗೆ ಹನ್ನೊಂದು ತಿಂಗಳು ಕಾದಿದ್ಲಂತೆ. ಗ್ವಾದಲಹಾರಾದಿಂದ ಬಿಷಪ್ಪರ ಕಾಗದ ಬರ್ಬೇಕಿತ್ತಂತೆ. ಯಾಕೆ ಕಾದಳು ಹೇಳಿ? ಅವರಿಬ್ಬರೂ ಸಂಬಂಧಿಕರು! ಆ ಅರ್ಜಿ ಕಾಗದ ಎಲ್ಲಿಟ್ಟಿದೀರಿ?"

ಮೋಂಬತ್ತಿ ತುಂಡುಗಳ ಪೆಟ್ಟಿಗೆಯ ಕೆಳಗೆ ಒಂದು ಕಟ್ಟಿತ್ತು. ಅದರ ಮೇಲೆ ಪೆಟ್ಟಿಗೆ ಇಟ್ಟವನು ನಾನೇ, ಮೂವತ್ತು ವರ್ಷದ ಹಿಂದೆ. ಆರನೆಯ ಕಾಗದದಲ್ಲಿ, 1840ರಲ್ಲಿ, ಪಾದ್ರಿ ಅಚ್ಚುಕಟ್ಟಾಗಿ ವಂಶವೃಕ್ಷ ಬರೆದಿದ್ದ. ತುದಿಯಲ್ಲಿ ಬ್ಲಾಸ್ ಕೆಸಾದ, 'ಈ ಊರಿನ ಮೊದಲ ಒಕ್ಕಲು'. ಕೆಳಗೆ ಅವನ ಮಗ ಹುವಾನ್, ಮಗಳು ಹೆರ್ತ್ರೂದಿಸ್. ಹುವಾನನ ಮೊಮ್ಮಗನೇ ನಮ್ಮ ಎನ್ಕಾರ್ನಾಸಿಯೊನ್, ಜೀವಂತ, ಮದುಮಗ; ಹೆರ್ತ್ರೂದಿಸಳ ಮೊಮ್ಮಗಳೇ ಮದುಮಗಳು. ಹೆರ್ತ್ರೂದಿಸಳ ಗಂಡನ ಹೆಸರಿನ ಪಕ್ಕ ಇನ್ನೂ ಒಂದು ಸಾಲು ಇತ್ತು. ಎರ್ಮೆಲಿಂದಾ ಅದನ್ನು ಓದಿ, ಮತ್ತೆ ಓದಿ, ಕುರ್ಚಿ ಎಳೆದುಕೊಂಡು ಕೂತಳು.

ಅಬುಂದಿಯೊನನ್ನು ಅಂಗಡಿಯಲ್ಲೇ ಹಿಡಿದೆವು. ಅವಳು ಕಾಗದವನ್ನು ಗಲ್ಲಾದ ಮೇಲೆ ಹರಡಿ, ಬೆರಳಿಟ್ಟು, ಕಿವುಡರಿಗೂ ಕೇಳುವಂತೆ ಓದಿದಳು: "ಅನ್ಸೆಲ್ಮೊ ಲಾರಿಯೋಸ್, ಹೇಸರಗತ್ತೆ ಹೊಡೆಯುವವನು, ಪರ ಊರಿನವನು, ಮಾವನ ಮನೆಯಲ್ಲಿ ವಾಸ."

ಅಬುಂದಿಯೊ ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. ಸಾಲು ಅಲ್ಲೇ ಇತ್ತು. ಆಮೇಲೆ ಅವನ ದನಿ ಜೇನಿನಲ್ಲಿ ಅದ್ದಿದ ಹಾಗಾಯಿತು.

"ಅಂದ್ರೆ ನಾವು ಒಂದೇ ರಕ್ತದವರು, ತಂಗಿ! ಎಷ್ಟು ಸಂತೋಷದ ವಿಷಯ. ನಿಮ್ಮ ಹೆಸರು ಹಾಕ್ಸೋಕೆ ನನಗೇನೂ ಅಡ್ಡಿ ಇಲ್ಲ. ಆದ್ರೆ ನೋಡು, ಕಲ್ಲುಕುಟಿಗ ಎಂಟು ಹೆಸರೂ ಕೆತ್ತಿ ಮುಗಿಸಿಬಿಟ್ಟ. ಮೇಲಿಂದ ಕೆಳಗಿನವರೆಗೂ ಒಂದು ಅಕ್ಷರ ಹಿಡಿಸೋ ಜಾಗ ಇಲ್ಲ. ಏನ್ ಮಾಡೋಣ ಹೇಳು?"

ಎರ್ಮೆಲಿಂದಾ ಕಾಗದವನ್ನು ಮಡಿಚಿ ಎದೆಗೊತ್ತಿಕೊಂಡಳು.

"ಅದಕ್ಯಾಕಣ್ಣ ಚಿಂತೆ? ಲಾರಿಯೋಸ್ ಅನ್ನೋದನ್ನ ಕೆರೆಸಿ ಕೆಸಾದ ಅಂತ ಕೆತ್ತಿಸಿ. ನಿಮ್ಮನ್ನೇನು ನಾವು ಹೊರಗಿಡೋದಿಲ್ಲ, ನೀವೂ ಅದರೊಳಗೇ ಬರ್ತೀರಿ."