ಚೀಲ ಕೊಡದ ನೆರೆಯವರು

ಅವರನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಕಡೂರಿನ ನಮ್ಮ ಬೀದಿಯಲ್ಲಿ ಪ್ರಯಾಣದ ದಿನ ರಾಹುಕಾಲಕ್ಕೆ ಮೊದಲೇ ಚೀಲವನ್ನು ಪಕ್ಕದ ಮನೆಯಲ್ಲಿಟ್ಟು ಬರುತ್ತಿದ್ದೆವು. ಹಾಗೆ ಮಾಡಿದರೆ ಒಳ್ಳೆಯ ಹೊತ್ತಿಗೇ ಹೊರಟಂತೆ. ನಮ್ಮ ಗ್ರಹಚಾರ, ಪಕ್ಕದ ಮನೆಯವರು ವಿಮಾನ ನಿಲ್ದಾಣದಲ್ಲಿ, ವಿಮಾನಗಳಿಗೆ ಹೊರಡಲು ಒಪ್ಪಿಗೆ ಕೊಡುವ ಕಂಟ್ರೋಲ್ ಟವರಿನಲ್ಲಿದ್ದು ನಿವೃತ್ತರಾದವರು. ಗುಡುಗಿತೋ, ಚೀಲವಿದ್ದ ಕೋಣೆಗೆ ಬೀಗ. ಅಂಗೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದು ಆಕಾಶ ನೋಡುತ್ತಾ, "ಮೋಡ ದಾಟ್ಲಿ, ಆಮೇಲೆ" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆ. ತರೀಕೆರೆಯಲ್ಲಿ ಅಕ್ಕನಿಗೆ ಹೆರಿಗೆ ನೋವು ಶುರುವಾಗಿದೆಯೆಂದು ಸುದ್ದಿ ಬಂತು. ಅಮ್ಮ ಬಸ್ಸಿನ ದುಡ್ಡೂ ಇದ್ದ ಚೀಲವನ್ನು ಪಕ್ಕದ ಮನೆಯಲ್ಲಿಟ್ಟು ಬಂದಳು. ಬಸ್ಸಿನ ಹೊತ್ತಿಗೆ ಸರಿಯಾಗಿ ಸಿಡಿಲು ಬಡಿಯಿತು.

"ಕೊಡ್ರೀ ಚೀಲಾನ! ಅದು ಬಸ್ಸು ಕಣ್ರೀ, ನಿಮ್ ವಿಮಾನ ಅಲ್ಲ!" ಅಮ್ಮ ಕಿರುಚಿದಳು.

"ಮೋಡ ದಾಟ್ಲಿ, ಆಮೇಲೆ."

ಬಸ್ಸು ಹೋಗಿಯೇಬಿಟ್ಟಿತು. ನಾನು ಅವರ ಬಾಗಿಲಿಗೆ ಒದ್ದೆ. ಅಮ್ಮ ಅವರ ವಂಶವನ್ನೆಲ್ಲ ಎಳೆದು ತಂದು ಬೈದಳು. ಅವರು ಆಕಾಶದಿಂದ ಕಣ್ಣು ಕೀಳಲಿಲ್ಲ.

"ಬೈಯಮ್ಮ, ಚೆನ್ನಾಗ್ ಬೈಯಿ. ತಡ ಆಯ್ತು ಅಂತ ಎಲ್ರೂ ಬೈದ್ರು ಅಂತ, ಇಂಥ ಮೋಡ್ದಲ್ಲೇ ಒಂದ್ ವಿಮಾನ ಬಿಟ್ಬಿಟ್ಟೆ. ಅದ್ರಲ್ಲಿದ್ದೋರು ಬೈಯೋಕೂ ವಾಪಸ್ ಬರ್ಲಿಲ್ಲ."