ಆರೆಲೆಯ ಅಂಚು

ಬೆಟಗೇರಿಯ ನೇಕಾರರ ಓಣಿಯಲ್ಲಿ ಪ್ರಲ್ಹಾದನಿಗೆ ಸ್ವಂತ ಮಗ್ಗವಿಲ್ಲ. ಮಗ್ಗದ ಮೇಲಿನ ಉದ್ದೆಳೆಗಳ ಹಳೆಯ ಹಾಸು ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸುವುದು ಅವನ ಕಸುಬು. ಎಳೆ ತಿರುವಿ ತಿರುವಿ ಎಡಗೈ ಹೆಬ್ಬೆರಳು ಸೊಟ್ಟಗಾಗಿದೆ. ಮನೆ ಮನೆ ತಿರುಗುವವನಾದ್ದರಿಂದ ಯಾರ ಮಗ್ಗದಲ್ಲಿ ಯಾವ ಹೊಸ ಅಂಚು ಏಳುತ್ತಿದೆಯೆಂದು ಮೊದಲು ಗೊತ್ತಾಗುವುದು ಅವನಿಗೇ. ಅದಕ್ಕೇ ಓಣಿಯಲ್ಲೊಂದು ಮಾತಿದೆ: ಕೂಡಿಸಾಂವ ಕುರುಡ ಇರಬೇಕು. ಹೊಸ ಅಂಚಿನ ಮೊದಲ ಸೀರೆಯನ್ನು ಬನದ ಹುಣ್ಣಿಮೆಗೆ ಬನಶಂಕರಿಯ ಮುಂದೆ ಬಿಚ್ಚುವ ತನಕ ಅವನು ಕಂಡರೂ ಕಂಡಿಲ್ಲ. ಮೂವತ್ತು ವರ್ಷದಲ್ಲಿ ಪ್ರಲ್ಹಾದನ ಬಾಯಿಂದ ಯಾರ ಅಂಚಿನ ಒಂದು ಎಲೆಯೂ ಹೊರಬಿದ್ದಿರಲಿಲ್ಲ. ಅಂಥ ಮನುಷ್ಯ ಫೋನಿನಲ್ಲಿ ಜಾರಿಬಿದ್ದ.

ದಾರಿ ತೋರಿಸಿದವನು ಮುಂಡರಗಿಯಲ್ಲಿ ಕಂಪ್ಯೂಟರ್ ಕಲಿಸುವ, ತಂಗಿಯ ಗಂಡ ಸುನಿಲಕುಮಾರ. ಜಾಹೀರಾತು ನೋಡಿ ನೋಡಿ ಬೇಸತ್ತಿದ್ದ ಪ್ರಲ್ಹಾದನಿಗೆ ಅವನು ಜಾಹೀರಾತಿಲ್ಲದ ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣ ಹಾಕಿಕೊಟ್ಟ. "ಇದು ಒಬ್ಬ ಸಾವಕಾರನ ವಾಡೆ ಅಲ್ರಿ ಭಾವಾ. ಇಲ್ಲಿ ಸರ್ವರ್ ಅಂದ್ರ ಒಂದೊಂದು ಓಣಿ ಇದ್ದಂಗ. ಓಣಿ ಓಣಿಗೆ ಬ್ಯಾರೆ ಹಿರ್ಯಾರು, ಬ್ಯಾರೆ ರಿವಾಜು. ಬೇಕಾದ ಓಣ್ಯಾಗ ಮನಿ ಮಾಡ್ರಿ, ಯಾವ ಓಣಿಯವರ ಜೋಡಿ ಬೇಕಾದ್ರೂ ಮಾತಾಡ್ರಿ. ನಡುವ ಅಗಸಿ ಬಾಗಲಾ ಇಲ್ಲ."

ಪ್ರಲ್ಹಾದ ಓಣಿಯನ್ನು ನೆನಪಿಟ್ಟ, ನಡುವೆ ಅಗಸಿ ಬಾಗಿಲು ಇಲ್ಲದ್ದನ್ನು ಮರೆತ.

ಮುನ್ನೂರು ಚಿಲ್ಲರೆ ಕನ್ನಡಿಗರಿದ್ದ ಒಂದು ಸರ್ವರಿನಲ್ಲಿ ಹೆಸರು ಬರೆಸಿದ. ಎರಡು ದಿನ ಒಂದು ನರಪಿಳ್ಳೆಯೂ ಮಾತಾಡಿಸಲಿಲ್ಲ. ಕೇಳಿದರೆ ಸುನಿಲಕುಮಾರ ನಕ್ಕ. "ಇಲ್ಲಿ ನಿಮ್ಮನ್ನ ಯಾರೂ ಮುಂದಕ್ಕ ದಬ್ಬೂದಿಲ್ರಿ. ನೀವು ನಾಕು ಮಂದೀನ ಹುಡುಕಿ ಫಾಲೋ ಮಾಡ್ರಿ. ನಾ ಇಂಥಾಂವ ಅಂತ ಬರದು 'ಪರಿಚಯ' ಅಂತ ಹ್ಯಾಶ್‌ಟ್ಯಾಗ್ ಹಾಕ್ರಿ."

ಆವತ್ತು ಪ್ರಲ್ಹಾದ ಚೌಡವ್ವನ ಮನೆಯಲ್ಲಿ ಹಾಸು ಕೂಡಿಸುತ್ತಿದ್ದ. ಎಪ್ಪತ್ತರ ಚೌಡವ್ವ ಬೇಸಿಗೆಯಿಂದ ತಲೆ ಕೆಡಿಸಿಕೊಂಡು ಹುಣಸೆ ಎಲೆಯ ಅಂಚೊಂದನ್ನು ಕಟ್ಟಿದ್ದಳು. ಮಾದರಿಗೆಂದು ನೇಯ್ದ ಒಂದು ಗೇಣು ಬಟ್ಟೆ ಮಗ್ಗಕ್ಕೆ ತೂಗುಬಿದ್ದಿತ್ತು. ಪ್ರಲ್ಹಾದ ತನ್ನ ಕೈಗಳ ಫೋಟೊ ತೆಗೆದ. ಹಿಂದೆ ಅಂಚೂ ಬಂದಿತ್ತು. ಕತ್ತರಿಸಿ ಕೈಯಷ್ಟೇ ಹಾಕಬಹುದಿತ್ತು, ಹಾಗೊಮ್ಮೆ ನೋಡಿದ ಕೂಡ. ಆದರೆ ಅಂಚಿದ್ದರೇ ಕೈಗೂ ಕಳೆ. ಮುನ್ನೂರು ಮಂದಿಯಲ್ಲಿ ಬೆಟಗೇರಿಯವರು ಒಬ್ಬರೂ ಇಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹಾಕಿಬಿಟ್ಟ.

ಆ ಸರ್ವರಿನ ಹಿರಿಯರೊಬ್ಬರು ಪ್ರೀತಿಯಿಂದಲೇ ಸ್ವಾಗತಿಸಿ, ಕಣ್ಣು ಕಾಣದವರಿಗಾಗಿ ಚಿತ್ರದ ವಿವರವನ್ನೂ ಬರೆಯಿರಿ, ಇಲ್ಲಿ ಅದು ರೂಢಿ ಎಂದರು. ಪ್ರಲ್ಹಾದ ಬರೆದ: "ಎರಡು ಕೈ. ಹಿಂದೆ ಕೆಂಪು ಅಂಚು. ಒಂದು ಕಡ್ಡಿಗೆ ಆರು ಹುಣಸೆ ಎಲೆ, ತುದಿಗೆ ಹಳದಿ ಚಿಗುರು." ಸಂಜೆಯೊಳಗೆ ಪುಣೆಯವರು, ಕೊಯಮತ್ತೂರಿನವರು, ಕಂಡು ಕೇಳದ ಎಷ್ಟೋ ಸರ್ವರಿನವರು ಅದನ್ನು ತಮ್ಮ ತಮ್ಮ ಮಂದಿಗೆ ದಾಟಿಸಿದ್ದರು. ಆ ಸಂಜೆ ಅವನು ಮದುಮಗನ ಹಾಗೆ ಓಡಾಡಿದ. ಆ ಖುಷಿಯ ನೆನಪೇ ಆಮೇಲೆ ಅವನನ್ನು ಹೆಚ್ಚು ಸುಟ್ಟಿತು.

ಮೂರನೆಯ ವಾರ ಚೌಡವ್ವನ ಮೊಮ್ಮಗಳು ರೋಹಿಣಿ ಗದಗಿನ ಬಜಾರಿನಿಂದ ಒಂದು ಸೀರೆ ತಂದು ಅಜ್ಜಿಯ ಮುಂದೆ ಒಗೆದಳು. ಎಲ್ಲಿಯದೋ ವಿದ್ಯುತ್ ಮಗ್ಗದ ಮಾಲು. ಅದೇ ಕೆಂಪು, ಅದೇ ಹುಣಸೆ ಎಲೆ. ಚೌಡವ್ವ ಬೆರಳಾಡಿಸಿ ಎಣಿಸಿ, ಎದುರಿಗೇ ಕೂತಿದ್ದ ಪ್ರಲ್ಹಾದನತ್ತ ತಿರುಗಿದಳು.

"ಆರೆಲಿ! ಮಾದರಿಯೊಳಗಷ್ಟ ಆರಿದ್ವು, ಮರುದಿನಾನ ಏಳು ಮಾಡೀನಿ. ಆರು ನೋಡಿದವರು ಅವತ್ತ ಮನ್ಯಾಗಿದ್ದವರು. ನೀ ಅಂತೂ ಕುರುಡ. ಉಳದಾಂವ ನೂಲು ತಂದ ಖಾಸಿಂಸಾಬ." ನಲವತ್ತು ವರ್ಷದಿಂದ ಆ ಮನೆಯ ನೂಲಿಗೆ ಬಣ್ಣ ಹಾಕುತ್ತ ಬಂದ ಮುದುಕ ಖಾಸಿಂಸಾಬ. ಪ್ರಲ್ಹಾದ ಎದ್ದು ಚಪ್ಪಲಿ ಮೆಟ್ಟಿ ಮನೆಗೆ ನಡೆದ. ಮರುದಿನದಿಂದ ಖಾಸಿಂಸಾಬನಿಗೆ ಆ ಬಾಗಿಲು ಮುಚ್ಚಿತು.

ಪ್ರಲ್ಹಾದ ಫೋಟೊ ಅಳಿಸಿ, ಹೆದರಿ ಸುನಿಲಕುಮಾರನಿಗೆ ಫೋನ್ ಮಾಡಿದ. ಅವನೆಂದ: "ನಿಮ್ಮ ಓಣ್ಯಾಗ ಹೋತ್ರಿ. ಉಳದ ಓಣಿಗೂ ಅಳಸ್ರಿ ಅಂತ ಖಬರ ಹೋಗತೈತಿ. ಕೆಲವರು ಕೇಳ್ತಾರ, ಕೆಲವರು ಕೇಳೂದಿಲ್ಲ. ಅಳಸೂ ಮೊದಲ ಇಳಿಸಿಕೊಂಡಾಂವನ್ನ ಯಾರು ಹಿಡೀಬೇಕ್ರಿ?"

ಹನ್ನೆರಡು ದಿನ ಹೀಗೇ ಕಳೆದವು. ದಾರಿಯಲ್ಲಿ ಖಾಸಿಂಸಾಬ ಎಂದಿನಂತೆ "ಚಾ ಕುಡದು ಹೋಗೋ" ಎಂದು ಕರೆಯುತ್ತಿದ್ದ. ಪ್ರಲ್ಹಾದ ಅವಸರದ ನೆಪ ಹೇಳಿ ತಲೆ ತಗ್ಗಿಸಿ ಸಾಗುತ್ತಿದ್ದ. ಬಣ್ಣದ ಹಂಡೆ ಒಣಗಿ ಬೋರಲು ಬಿದ್ದದ್ದು ಮಾತ್ರ ಕಾಣುತ್ತಿತ್ತು.

ಬನದ ಹುಣ್ಣಿಮೆಯ ಮುಂಜಾನೆ ಚೌಡವ್ವನ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟ. ಫೋಟೊದಲ್ಲಿ ಹಿಂದೆ ಅಂಚು ಬಂದದ್ದು ಕಾಣಲಿಲ್ಲ ಎನ್ನಬಹುದಿತ್ತೇನೋ. ಎಲೆ ಎಣಿಸಿ ಬರೆದವನು ಯಾವ ಬಾಯಿಂದ ಹಾಗೆಂದಾನು?

ಚೌಡವ್ವ ಎದ್ದು ಬಾಗಿಲಿಗೆ ಬಂದಳು. "ಅಂಚು ಹೋದ್ರ ಇನ್ನೊಂದು ಕಟ್ತೀನಿ. ಆ ಮುದುಕನ ಮಾರಿ ಹೆಂಗ ನೋಡ್ಲೋ? ನಡಿ, ಚೌಡವ್ವ ತಪ್ಪಾತು ಅಂದ್ಲು, ನೂಲು ಒಯ್ಯಾಕ ಬಾ ಅಂತ ಅವಗ ಹೇಳು. ಮುಂದಿನ ಹಾಸು ರೋಹಿಣಿ ಕೂಡಸ್ತಾಳ. ನೀ ಬರಬ್ಯಾಡ."

ಖಾಸಿಂಸಾಬ ಅಂಗಳದಲ್ಲಿ ಕೂತಿದ್ದ. ಪ್ರಲ್ಹಾದ ಚೌಡವ್ವನ ಮಾತು ಹೇಳಿದ. ಆಮೇಲೆ, "ಕಾಕಾ, ಆ ಫೋಟೊ ಹಾಕಿದಾಂವ..." ಎಂದು ಶುರು ಮಾಡಿದ.

"ಗೊತ್ತೈತಿ," ಎಂದ ಖಾಸಿಂಸಾಬ. "ನಮ್ಮ ಮೊಮ್ಮಗಳು ಮಹೆಕ ಬ್ಯಾರೆ ಯಾವದೋ ಸರ್ವರಿನ್ಯಾಗ ಇದ್ದಾಳ. ನೀ ಹಾಕಿದ ಸಂಜೀಕೇ ತೋರಿಸಿದ್ಲು. ಆ ಸೊಟ್ಟ ಹೆಬ್ಬಟ್ಟು ಇನ್ಯಾರದು?"

"ಮತ್ತ ಚೌಡವ್ವಗ ಯಾಕ ಹೇಳಲಿಲ್ಲ? ಕಳ್ಳ ಅಂತ ನಿಮಗ ಹೆಸರು ಬಂತಲ್ರಿ ಕಾಕಾ!"

ಮುದುಕ ಒಳಗೆ ತಿರುಗಿ ಎರಡು ಚಹಾ ತರಲು ಹೇಳಿದ. "ಒಬ್ಬರ ಮನ್ಯಾಗ ಕಂಡದ್ದನ್ನ ಇನ್ನೊಬ್ಬರ ಮನ್ಯಾಗ ಹೇಳೂದು ಹೆಂಗ? ಬಣ್ಣದಾಂವನೂ ಕುರುಡ ಇರಬೇಕಲ್ಲೋ ಪ್ರಲ್ಹಾದಾ."

ಮಹೆಕ ಚಹಾ ತಂದಿಟ್ಟಳು. ಪ್ರಲ್ಹಾದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಕೂತೇ ಇದ್ದ, ಬಟ್ಟಲಿಗೆ ಕೈ ಚಾಚಲಾಗಲಿಲ್ಲ.